ಅಚೌರ್ಯಾಣುವ್ರತ ಮತ್ತು ಮನೆಯ ಗಣಕಯಂತ್ರ

ಗೃಹಸ್ಥನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವು ಎಲ್ಲಕ್ಕಿಂತ ಸುಲಭವಾದುದೆಂಬ ಭಾವನೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಅಹಿಂಸೆಯನ್ನು ಪಾಲಿಸಬೇಕಾದರೆ ಒಲೆ, ಬಾವಿ, ಹೊಲಗಳ ಮುಂದೆ ದಿನನಿತ್ಯವೂ ಎಚ್ಚರವಿರಬೇಕು. ಸತ್ಯಕ್ಕೆ ಅಂಗಡಿಯ ಮಾತು ಅಡ್ಡ ಬರುತ್ತದೆ. ಪರಿಗ್ರಹಕ್ಕಂತೂ ಮಿತಿ ಹಾಕಿದಷ್ಟೂ ಮಿತಿಯೇ ಜಾರುತ್ತದೆ. ಕಳವೋ? ನಾವು ಯಾರ ಮನೆಗೂ ಕನ್ನ ಹಾಕಿದವರಲ್ಲ, ಯಾರ ಹೊಲದ ತೆನೆಯನ್ನೂ ಕೊಯ್ದವರಲ್ಲ. ಆದಕಾರಣ ಈ ವ್ರತವು ನಮ್ಮಲ್ಲಿ ತಾನಾಗಿಯೇ ಸಿದ್ಧವಾಗಿದೆ ಎಂದು ನಾವು ನಿಶ್ಚಿಂತರಾಗಿರುತ್ತೇವೆ. ಈ ನಿಶ್ಚಿಂತೆಯು ವಸ್ತುವಿನ ಒಂದು ಗುಣವನ್ನು ನಂಬಿಕೊಂಡಿತ್ತು. ಒಬ್ಬನ ಪಾತ್ರೆಯನ್ನು ನಾನು ಎತ್ತಿಕೊಂಡರೆ ಅದು ಅವನ ಮನೆಯಲ್ಲಿ ಇಲ್ಲವಾಗುತ್ತದೆ. ಆ ಖಾಲಿ ಜಾಗವೇ ಕಳವಿಗೆ ಸಾಕ್ಷಿ. ಗಣಕಯಂತ್ರದ ತಂತ್ರಾಂಶವಾದರೋ ಈ ಗುಣವನ್ನು ಮೀರಿದ ವಸ್ತು. ಅದನ್ನು ನಾನು ತೆಗೆದುಕೊಂಡರೂ ಒಡೆಯನ ಬಳಿ ಅದು ಇದ್ದಂತೆಯೇ ಇರುತ್ತದೆ. ಖಾಲಿ ಜಾಗವಿಲ್ಲದ ಕಳವನ್ನು ಕಳವೆಂದು ಹೇಗೆ ತಿಳಿಯಬೇಕು, ಹಾಗೆ ತಿಳಿಸುವವರು ಯಾರು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಇದನ್ನು ತಿಳಿಸಲು ಯಂತ್ರವೇ ಮುಂದೆ ಬಂದಿದೆ. ಗಣಕಯಂತ್ರವನ್ನು ತೆರೆದೊಡನೆ ಪರದೆ ಕಪ್ಪಾಗಿ, ಬಲಬದಿಯ ಕೆಳಮೂಲೆಯಲ್ಲಿ ‘ಈ ಪ್ರತಿಯನ್ನು ಊರ್ಜಿತಗೊಳಿಸಿ’ ಎಂಬರ್ಥದ ಮಸುಕು ಅಕ್ಷರಗಳು ಕಾಣಿಸಿಕೊಳ್ಳುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಕೆಲವೊಮ್ಮೆ ಅದು ನೇರವಾಗಿ, ನಿಮ್ಮ ಪ್ರತಿ ನಿಜವಾದುದಲ್ಲ, ನೀವು ಮೋಸಹೋಗಿರಬಹುದು ಎಂದೂ ಹೇಳುತ್ತದೆ. ಯಂತ್ರವೊಂದು ಮನೆಯ ಯಜಮಾನನ ಮುಂದೆ, ಮಕ್ಕಳ ಎದುರಿನಲ್ಲಿ, ಇದು ಕದ್ದ ಮಾಲು ಎಂದು ಸೂಚಿಸುವುದು ಹಿಂದಿನವರು ಕಂಡು ಕೇಳರಿಯದ ಸಂಗತಿ.

ಉತ್ತರ ಕನ್ನಡದ ಮುಂಡಗೋಡ ತಾಲೂಕಿನ ಸನವಳ್ಳಿಯಲ್ಲಿ ನಮಗೆ ಪರಿಚಿತವಾದ ಒಂದು ಮನೆಯಿದೆ. ಮಗಳ ಓದಿಗೆಂದು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಬಿಡಿಭಾಗಗಳನ್ನು ಜೋಡಿಸಿ ಕೊಟ್ಟ ಗಣಕಯಂತ್ರವನ್ನು ಅವರು ತಂದಿದ್ದರು. ಮಳೆಗಾಲದ ಆರಂಭದ ಗುಡುಗು ಸಿಡಿಲುಗಳಲ್ಲಿ ಅದರ ಮದರ್‌ಬೋರ್ಡ್ ಸುಟ್ಟುಹೋಯಿತು. ಮಲೆನಾಡಿನ ಸೆರಗಿನ ಈ ಭಾಗದಲ್ಲಿ ಇದು ಅಪರೂಪವಲ್ಲ. ಬೇರೊಂದು ಬೋರ್ಡ್ ಹಾಕಿಸಿ ತಂದ ದಿನವೇ ಪರದೆಯ ಮೇಲೆ ಎರಡು ತಕರಾರುಗಳು ಕಾಣಿಸಿದವು. ಒಂದು ಯಂತ್ರವನ್ನು ನಡೆಸುವ ವಿಂಡೋಸ್‌ನದು, ಇನ್ನೊಂದು ಬರೆಯಲು ಲೆಕ್ಕಹಾಕಲು ಬಳಸುವ ಆಫೀಸ್‌ನದು. ಎರಡೂ ಪರವಾನಗಿ ದೃಢಪಟ್ಟಿಲ್ಲವೆಂದೇ ಹೇಳುತ್ತಿದ್ದವು. ಊರಿಗೆ ಬಂದಿದ್ದ ಅಣ್ಣನ ಮಗ ನೋಡಿ, “ಕಾಕಾ, ಇದಕ್ಕ ಅಷ್ಟ್ಯಾಕ ಚಿಂತಿ ಮಾಡ್ತೀರಿ? ಒಂದು ಕ್ರ್ಯಾಕ್ ಹಾಕಿದ್ರ ಐದು ನಿಮಿಷದಾಗ ಎರಡೂ ಹೋಗ್ತಾವು” ಎಂದ. ಯಜಮಾನರು, “ಹೋಗ್ತಾವು ಖರೆ, ಆದ್ರ ಅವು ಯಾಕ ಬಂದಾವು ಅಂತ ಮೊದಲ ಗೊತ್ತಾಗಲಿ” ಎಂದರು. ಆ ಮನೆಯವರ ಈ ಮಾತು ನಮಗೆ ಅತ್ಯಂತ ಯುಕ್ತವಾಗಿ ತೋರಿತು. ವೈದ್ಯನು ಜ್ವರವನ್ನು ಅಳಿಸುವ ಮೊದಲು ಜ್ವರದ ಕಾರಣವನ್ನು ಹುಡುಕುವಂತೆ ಇಲ್ಲಿಯೂ ಕಾರಣವನ್ನೇ ಮೊದಲು ಹುಡುಕಬೇಕು.

ಈ ಊರ್ಜಿತದ ಕ್ರಮ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿವರಿಸುವುದು ಅಗತ್ಯ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಂದಿನಿಂದ ಮನೆಬಳಕೆಯ ಪ್ರತಿಗೂ ಈ ಪರೀಕ್ಷೆ ಕಡ್ಡಾಯವಾಯಿತು. ತಂತ್ರಾಂಶವು ತನ್ನ ಕೀಲಿಸಂಖ್ಯೆಯನ್ನೂ, ತಾನು ಕುಳಿತಿರುವ ಯಂತ್ರದ ಅಂಗಾಂಗಗಳಿಂದ ಲೆಕ್ಕಹಾಕಿದ ಒಂದು ಗುರುತನ್ನೂ ಕಂಪನಿಯ ಸರ್ವರಿಗೆ ಕಳಿಸುತ್ತದೆ. ಅಲ್ಲಿ ಆ ಎರಡರ ಜೋಡಿಯನ್ನು ಬರೆದಿಡಲಾಗುತ್ತದೆ. ಮುಂದೆ ಮದರ್‌ಬೋರ್ಡ್ ಬದಲಾದರೆ ಗುರುತು ಬದಲಾಗುತ್ತದೆ. ಆಗ ಯಂತ್ರಕ್ಕೆ ತನ್ನ ಒಡೆಯನೇ ಅಪರಿಚಿತ. ಪರದೆಯ ಮೇಲೆ ಬರುವ ಉದ್ದನೆಯ ದೋಷಸಂಖ್ಯೆಯ ಕೊನೆಯ ಅಕ್ಷರಗಳನ್ನು ನೋಡಿದರೆ ಕಾರಣದ ಸುಳಿವು ದೊರೆಯುತ್ತದೆ. ಎಫ್211 ಎಂದು ಮುಗಿದರೆ ಯಂತ್ರಾಂಗ ಬದಲಾದುದು ಕಾರಣ. ಸಿ008 ಎಂದು ಮುಗಿದರೆ ಆ ಕೀಲಿಸಂಖ್ಯೆಯನ್ನು ಅನುಮತಿಗಿಂತ ಹೆಚ್ಚು ಯಂತ್ರಗಳಲ್ಲಿ ಹಾಕಲಾಗಿದೆ. ಎಫ್074 ಎಂದರೆ, ಯಾವುದೋ ಸಂಸ್ಥೆಯು ತನ್ನ ಕಚೇರಿಯ ಯಂತ್ರಗಳಿಗಾಗಿ ಇಟ್ಟುಕೊಳ್ಳುವ ಸರ್ವರು ಸಿಗಲಿಲ್ಲ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿರುವ ಆಕ್ಟಿವೇಶನ್ ಎಂಬ ಪುಟವನ್ನು ತೆರೆದರೂ ಸಾಕು. ಪರವಾನಗಿ ಎಲ್ಲಿಂದ ಬಂದುದೆಂದು ಅಲ್ಲಿ ಒಂದು ಸಾಲಿನಲ್ಲಿ ಬರೆದಿರುತ್ತದೆ.

ಸನವಳ್ಳಿಯ ಆ ಯಂತ್ರದಲ್ಲಿ ಆಫೀಸ್ ತಕರಾರಿಗೆ ಕಾರಣ ಬಹಳ ಸಣ್ಣದಾಗಿತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗಲೂ ಗಡಿಯಾರವನ್ನು ನಡೆಸುವುದು ಅದೇ. ಹೊಸದಾಗಿ ಹಾಕಿಸಿದ ಬೋರ್ಡಿನ ಬ್ಯಾಟರಿ ಸತ್ತಿತ್ತು. ಪ್ರತಿಸಲ ಯಂತ್ರ ತೆರೆದಾಗಲೂ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತಿತ್ತು. ದಿನಾಂಕ ತಪ್ಪಿದ ಯಂತ್ರವು ಸರ್ವರಿನ ಗುರುತುಪತ್ರವನ್ನು ನಂಬುವುದಿಲ್ಲ. ಆದ್ದರಿಂದ ಸಂಪರ್ಕವೇ ಏರ್ಪಡುವುದಿಲ್ಲ. ಆ ಆಫೀಸನ್ನು ಅವರು ಪೂರ್ತಿ ಹಣ ಕೊಟ್ಟು, ರಸೀದಿ ಪಡೆದು, ಮಗಳ ಖಾತೆಗೆ ಜೋಡಿಸಿ ಕೊಂಡಿದ್ದರು. ಬ್ಯಾಟರಿ ಬದಲಿಸಿ, ದಿನಾಂಕ ಸರಿಪಡಿಸಿ, ಅದೇ ಖಾತೆಯಿಂದ ಒಳಗೆ ಹೋದೊಡನೆ ತಕರಾರು ಮಾಯವಾಯಿತು. ವಿಂಡೋಸ್‌ನ ಕಥೆ ಬೇರೆ. ಅದರ ಸಂಖ್ಯೆ ಎಫ್074 ಎಂದು ಮುಗಿದಿತ್ತು. ಬೋರ್ಡ್ ಬದಲಾದುದು ಒಂದು ನೆಪವಷ್ಟೇ. ಆ ಪ್ರತಿಯು ಯಾವುದೋ ಸಂಸ್ಥೆಗೆ ಸಗಟಾಗಿ ಕೊಟ್ಟ ಬಗೆಯದು. ಅಂಗಡಿಯವನು ಅದನ್ನು ಸುಳ್ಳು ಸರ್ವರೊಂದರ ಮೂಲಕ ಊರ್ಜಿತಗೊಳಿಸಿ ಮಾರಿದ್ದ. ಈ ಬಗೆಯ ಪರವಾನಗಿಯನ್ನು 180 ದಿನಗಳೊಳಗೆ ನವೀಕರಿಸುತ್ತಲೇ ಇರಬೇಕು. ನಮ್ಮ ಮನೆ ಯಾವ ಸಂಸ್ಥೆಯೂ ಅಲ್ಲದಿರುವಾಗ, ‘ನಿಮ್ಮ ಸಂಸ್ಥೆಯ ಸೇವೆಯಿಂದ ಊರ್ಜಿತವಾಗಿದೆ’ ಎಂದು ಆ ಪುಟ ಹೇಳಿದರೆ, ತಕರಾರು ಇಲ್ಲದ ದಿನಗಳಲ್ಲಿಯೂ ಅದು ತಕರಾರಿನ ಮಾತೇ.

ಈಗ ವಾಚಕರು ಗಮನಿಸಬೇಕು. ಒಂದೇ ಪರದೆ, ಒಂದೇ ದಿನ, ಎರಡು ತಕರಾರುಗಳು. ಒಂದು ನ್ಯಾಯವಾಗಿ ಕೊಂಡ ವಸ್ತುವಿನ ಮೇಲೆ, ಇನ್ನೊಂದು ಕೊಡದೆ ಬಂದ ವಸ್ತುವಿನ ಮೇಲೆ. ಯಂತ್ರವು ಎರಡನ್ನೂ ಒಂದೇ ದನಿಯಲ್ಲಿ ದೂಷಿಸಿತು. ಕ್ರ್ಯಾಕ್ ಹಾಕಿದ್ದರೆ ಅದು ಎರಡನ್ನೂ ಒಂದೇ ರೀತಿಯಲ್ಲಿ ಬಾಯಿ ಮುಚ್ಚಿಸುತ್ತಿತ್ತು. ಆದ್ದರಿಂದ ತಕರಾರು ಇರುವುದು ಕಳವಿಗೆ ಲಕ್ಷಣವಲ್ಲ; ತಕರಾರು ಇಲ್ಲದಿರುವುದು ಅಚೌರ್ಯಕ್ಕೆ ಲಕ್ಷಣವಲ್ಲ. ಲಕ್ಷಣವೆಂಬುದು ಲಕ್ಷ್ಯವನ್ನೆಲ್ಲ ವ್ಯಾಪಿಸಬೇಕು, ಲಕ್ಷ್ಯವಲ್ಲದುದನ್ನು ಮುಟ್ಟಬಾರದು ಎಂಬ ನ್ಯಾಯದ ಮಾತನ್ನು ಬಲ್ಲವರಿಗೆ ಇದು ಅವ್ಯಾಪ್ತಿ ಅತಿವ್ಯಾಪ್ತಿಗಳೆರಡೂ ಇರುವ ಲಕ್ಷಣವೆಂದು ಒಡನೆ ಹೊಳೆದೀತು.

ಯಂತ್ರದ ತೀರ್ಪು ಎಷ್ಟು ಹುಸಿಯಾಗಬಲ್ಲುದೆಂಬುದಕ್ಕೆ ಲೋಕವಿದಿತವಾದ ನಿದರ್ಶನಗಳೂ ಇವೆ. 2007ರ ಆಗಸ್ಟ್ 24ರಂದು ಮೈಕ್ರೋಸಾಫ್ಟ್ ಕಂಪನಿಯ ದೃಢೀಕರಣದ ಸರ್ವರುಗಳೇ ಕೆಟ್ಟು, ನ್ಯಾಯವಾಗಿ ಕೊಂಡವರ ಪ್ರತಿಗಳನ್ನೂ ನಕಲಿಯೆಂದು ಸಾರಿದವು. ಸುಮಾರು 19 ಗಂಟೆಗಳ ಕಾಲ ಇದು ನಡೆಯಿತು. 12,000ಕ್ಕಿಂತ ಕಡಿಮೆ ಯಂತ್ರಗಳಿಗೆ ತೊಂದರೆಯಾಯಿತೆಂದು ಕಂಪನಿಯೇ ಹೇಳಿತು. 2018ರ ನವೆಂಬರಿನಲ್ಲಿ ವಿಂಡೋಸ್ 10ರ ಮೇಲ್ದರ್ಜೆಯ ಪ್ರತಿ ಕೊಂಡಿದ್ದ ಅನೇಕರಿಗೆ, ನಿಮ್ಮ ಪರವಾನಗಿ ಕೆಳದರ್ಜೆಯದು ಎಂಬ ತಕರಾರು ಬಂತು. ಅದು ಕೂಡ ಸರ್ವರಿನ ದೋಷವೇ. ಆ ದಿನಗಳಲ್ಲಿ ನಿರಪರಾಧಿಗಳಾದ ಎಷ್ಟೋ ಗೃಹಸ್ಥರು ತಮ್ಮದೇ ಯಂತ್ರದ ಮುಂದೆ ಕಳ್ಳರಾಗಿ ಕುಳಿತಿದ್ದರು. ತಾನು ಮಾರಿದ ವಸ್ತುವಿನೊಳಗೆ ಕಾವಲುಗಾರನನ್ನು ಕೂರಿಸಿ, ಕೊಂಡವನನ್ನೇ ನಿತ್ಯ ಶಂಕಿಸುವ ವ್ಯಾಪಾರವನ್ನು ನಾವೇನೂ ಹೊಗಳಬೇಕಾಗಿಲ್ಲ. ನಮ್ಮ ಹಿರಿಯರ ಅಂಗಡಿಗಳಲ್ಲಿ ಗಿರಾಕಿಯನ್ನು ಹಾಗೆ ನಡೆಸಿಕೊಂಡಿದ್ದರೆ ಗಿರಾಕಿ ಮರುದಿನ ಬರುತ್ತಿರಲಿಲ್ಲ.

ಹಾಗಿದ್ದರೆ ತಂತ್ರಾಂಶದ ವಿಷಯದಲ್ಲಿ ಕಳವಿನ ನಿಜವಾದ ಲಕ್ಷಣವೇನು? ನಮ್ಮ ಆಚಾರ್ಯರು ಇದನ್ನು ಹೇಳಿಯೇ ಇದ್ದಾರೆ. ಅವರು ಚೌರ್ಯವನ್ನು ಅದತ್ತಾದಾನವೆಂದು ಕರೆದರು, ಅಂದರೆ ಕೊಡದುದನ್ನು ತೆಗೆದುಕೊಳ್ಳುವುದು. ಈ ಮಾತಿನಲ್ಲಿ ಒಡೆಯನಿಗಾದ ನಷ್ಟದ ಪ್ರಸ್ತಾಪವೇ ಇಲ್ಲವೆಂಬುದನ್ನು ನೋಡಬೇಕು. ಒಡೆಯನ ಬಳಿ ವಸ್ತು ಉಳಿಯಿತೇ ಹೋಯಿತೇ ಎಂಬುದನ್ನಲ್ಲ, ಕೊಡುವಿಕೆ ನಡೆಯಿತೇ ಇಲ್ಲವೇ ಎಂಬುದನ್ನು ಮಾತ್ರ ಅದು ಕೇಳುತ್ತದೆ. ಪ್ರತಿಮಾಡಿದರೆ ಯಾರಿಗೂ ನಷ್ಟವಿಲ್ಲ ಎಂಬ ಇಂದಿನ ವಾದ ಈ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರರ ವಸ್ತುವನ್ನು ತಾನು ತೆಗೆದುಕೊಳ್ಳದಿರುವುದು ಮಾತ್ರವಲ್ಲದೆ ಅದನ್ನು ಇನ್ನೊಬ್ಬರಿಗೆ ಕೊಡದಿರುವುದನ್ನೂ ಈ ವ್ರತದಲ್ಲಿಯೇ ಸೇರಿಸಿದೆ. ಒಂದೇ ಯಂತ್ರಕ್ಕೆಂದು ಕೊಂಡ ತಂತ್ರಾಂಶವನ್ನು ಬಂಧುಗಳ ನಾಲ್ಕು ಮನೆಗಳಿಗೆ ಪ್ರೀತಿಯಿಂದ ಹಂಚುವ ನಮ್ಮ ಅಭ್ಯಾಸ ಇದರಡಿ ಬರುತ್ತದೆ. ಹಂಚಿದವನಿಗೆ ಅದು ದಾನವೆನಿಸುತ್ತದೆ. ಆದರೆ ತನ್ನದಲ್ಲದುದನ್ನು ದಾನ ಮಾಡಲು ಯಾರಿಗೂ ಅಧಿಕಾರವಿಲ್ಲ.

ವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಎತ್ತಿಕೊಳ್ಳುವ ಹೆಸರುಗಳು ಇಂದಿನ ಗಣಕಯಂತ್ರದ ಅಂಗಡಿಯನ್ನು ನೋಡಿಯೇ ಬರೆದಂತಿವೆ. ಕದ್ದವನಿಂದ ಕೊಳ್ಳುವುದು ತದಾಹೃತಾದಾನ. ಯಾವುದೋ ಸಂಸ್ಥೆಯ ಸಗಟು ಕೀಲಿಸಂಖ್ಯೆಯನ್ನು ನಾಲ್ಕುನೂರು ಐದುನೂರು ರೂಪಾಯಿಗೆ ಬಿಡಿಯಾಗಿ ಮಾರುವವರಿಂದ ಕೊಂಡು, ನಾನು ಹಣ ಕೊಟ್ಟಿದ್ದೇನಲ್ಲ ಎನ್ನುವವರಿಗೆ ಇದು ಉತ್ತರ. ನಿಜದಂತೆ ಕಾಣುವ ಹುಸಿ ವಸ್ತುವಿನ ವ್ಯಾಪಾರ ಪ್ರತಿರೂಪಕವ್ಯವಹಾರ. ಅಂಗಡಿಯವನು ಮಾಡಿದ್ದು ಅದು. ರಾಜ್ಯದ ನಿಯಮವನ್ನು ಮೀರುವುದೂ ಅತಿಚಾರವೇ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಆದ ತಿದ್ದುಪಡಿಯಿಂದ ಗಣಕದ ಕ್ರಮವಿಧಿಗಳೂ ಸಾಹಿತ್ಯಕೃತಿಗಳ ಸಾಲಿಗೆ ಸೇರಿದವು. 1994ರ ತಿದ್ದುಪಡಿಯಿಂದ, ನಕಲಿ ಪ್ರತಿಯೆಂದು ಅರಿತೂ ಬಳಸುವವನಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆಮನೆ, 50,000ದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡ ಎಂದಾಯಿತು. ವ್ಯಾಪಾರದ ಲಾಭಕ್ಕಾಗಿ ಅಲ್ಲದಿದ್ದರೆ ಸೆರೆಯನ್ನು ಬಿಟ್ಟು ದಂಡವನ್ನಷ್ಟೇ ವಿಧಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಕೊಂಡವನು ತನ್ನ ರಕ್ಷಣೆಗಾಗಿ ಒಂದು ಕಾಪುಪ್ರತಿ ಮಾಡಿಟ್ಟುಕೊಳ್ಳುವುದನ್ನು ಇದೇ ಕಾಯ್ದೆ ಒಪ್ಪುತ್ತದೆ.

ಅರಿತೂ ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ಪ್ರಮಾದದಿಂದ, ಎಂದರೆ ಕಷಾಯಕ್ಕೆ ಒಳಗಾದ ಮನಸ್ಸಿನಿಂದ, ಮಾಡಿದ ಕಾರ್ಯದಲ್ಲಿಯೇ ದೋಷವಿದೆಯೆಂಬುದು ನಮ್ಮ ಸಿದ್ಧಾಂತ. ಸನವಳ್ಳಿಯ ಮನೆಯವರು ಎರಡು ವರ್ಷ ಆ ವಿಂಡೋಸನ್ನು ಬಳಸಿದ್ದು ಅರಿಯದೆ. ಅಂಗಡಿಯವನು ಎಲ್ಲ ಸೇರಿ ಇಷ್ಟು ಎಂದಿದ್ದ, ಅವರು ಅಷ್ಟನ್ನೂ ಕೊಟ್ಟಿದ್ದರು. ಆದರೆ ಎಫ್074 ಎಂಬುದರ ಅರ್ಥ ತಿಳಿದ ಸಂಜೆಯಿಂದ ಅವರ ಸ್ಥಿತಿ ಬೇರೆಯಾಯಿತು. ತಕರಾರಿನ ನಿಜವಾದ ಉಪಯೋಗ ಇಷ್ಟೇ: ಅದು ಯಾರನ್ನೂ ಕಳ್ಳನನ್ನಾಗಿ ಮಾಡುವುದಿಲ್ಲ, ಆದರೆ ಅರಿಯದವನನ್ನು ಅರಿತವನನ್ನಾಗಿ ಮಾಡುತ್ತದೆ. ಅರಿತ ಮೇಲೆ ಕ್ರ್ಯಾಕ್ ಹಾಕುವುದು ಅರಿವನ್ನು ಮುಚ್ಚುವ ಕೆಲಸ. ಕೃತ, ಕಾರಿತ, ಅನುಮೋದಿತಗಳೆಂಬ ಮೂರು ದಾರಿಗಳಿರುವುದರಿಂದ, ಹಾಕಿದ್ದು ಅಣ್ಣನ ಮಗ, ನಾನಲ್ಲ ಎಂಬ ಮಾತೂ ನಡೆಯುವುದಿಲ್ಲ. ಪರರ ನೆಲವನ್ನು ಮುಟ್ಟೆನೆಂದು ಹಗಲೆಲ್ಲ ನೆಲುವಿನ ಮೇಲೆ ತೂಗಾಡುತ್ತ ಕುಳಿತು, ರಾತ್ರಿ ಊರಿನಲ್ಲಿ ಕಳವು ಮಾಡುತ್ತಿದ್ದ ಕೌಶಾಂಬಿಯ ತಾಪಸನ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುತ್ತೇವಲ್ಲ! ಇದರ ಜೊತೆಗೆ ಒಂದು ವ್ಯಾವಹಾರಿಕ ಸಂಗತಿಯೂ ಇದೆ. ಈ ಕ್ರ್ಯಾಕ್‌ಗಳು ಮೊದಲು ಆ್ಯಂಟಿವೈರಸ್ಸನ್ನು ಆರಿಸಿ ಎಂದು ಕೇಳುತ್ತವೆ. ಕಾವಲುಗಾರನನ್ನು ಮನೆಗೆ ಕಳಿಸಿ ಅಪರಿಚಿತನಿಗೆ ಬಾಗಿಲು ತೆಗೆದ ಮೇಲೆ, ಬ್ಯಾಂಕಿನ ಗುಪ್ತಸಂಖ್ಯೆ ಎಲ್ಲಿ ಹೋಯಿತೆಂದು ಅತ್ತರೆ ಕೇಳುವವರಾರು?

ಇಲ್ಲಿ ಬಲವಾದ ಒಂದು ಆಕ್ಷೇಪವಿದೆ. ಪ್ರತಿಮಾಡಿ ಹಂಚುವುದು ಜೈನರಿಗೆ ಪುಣ್ಯಕಾರ್ಯವಲ್ಲವೇ? ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲರ ಹೆಮ್ಮೆ. ಶಾಸ್ತ್ರದಾನವೆಂದರೆ ಪ್ರತಿಮಾಡಿಸುವುದೇ ಆಗಿತ್ತು. ಅಂದು ಪುಣ್ಯವಾದುದು ಇಂದು ಹೇಗೆ ಪಾಪವಾಯಿತು? ಇದಕ್ಕೆ ಉತ್ತರವನ್ನು ಪೂಜ್ಯಪಾದರ ಸರ್ವಾರ್ಥಸಿದ್ಧಿಯ ಒಂದು ವಿಚಾರದಲ್ಲಿ ಕಾಣಬಹುದು. ಭಿಕ್ಷೆಗೆ ಹೊರಟ ಮುನಿಯು ಊರಿನ ಬೀದಿಯಲ್ಲಿ ನಡೆಯುತ್ತಾನೆ, ಅಗಸೆಬಾಗಿಲನ್ನು ದಾಟುತ್ತಾನೆ. ಅವುಗಳನ್ನು ಅವನಿಗೆ ಯಾರೂ ಕೊಟ್ಟಿಲ್ಲ. ಹಾಗಾದರೆ ಅವನಿಗೂ ಅದತ್ತಾದಾನದ ದೋಷ ಬರುವುದಿಲ್ಲವೇ ಎಂಬ ಶಂಕೆಯನ್ನು ಅಲ್ಲಿ ಎತ್ತಲಾಗಿದೆ. ಅವು ಎಲ್ಲರಿಗೂ ಸಾಮಾನ್ಯವಾಗಿ ಬಿಟ್ಟಂಥವು, ಆದ್ದರಿಂದ ದೋಷವಿಲ್ಲ. ಆದರೆ ಮುಚ್ಚಿದ ಬಾಗಿಲನ್ನು ಮುನಿ ಪ್ರವೇಶಿಸುವುದಿಲ್ಲ ಎಂಬುದು ಸಮಾಧಾನದ ಸಾರ. ಅತ್ತಿಮಬ್ಬೆ ಹಂಚಿದ ಪುರಾಣ ಬೀದಿಯಂತೆ ಎಲ್ಲರಿಗೂ ಬಿಟ್ಟದ್ದು. ಬರೆದವರಿಗೆ ಕೂಲಿಯನ್ನು ಅವಳು ಕೊಟ್ಟಳು. ಪರವಾನಗಿ ಬೇಡುವ ತಂತ್ರಾಂಶ ಮುಚ್ಚಿದ ಬಾಗಿಲು. ಬಾಗಿಲನ್ನು ಮುಚ್ಚಿದವನು ಶ್ರೀಮಂತನೋ ಬಡವನೋ, ಊರಿನವನೋ ಪರದೇಶದವನೋ ಎಂಬುದನ್ನು ಮುನಿ ವಿಚಾರಿಸುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ವಿಷಯ ಸುಲಭವಾಗುತ್ತಿತ್ತು. ಮುಚ್ಚಿದ ಬಾಗಿಲಿನ ಒಳಗಿರುವುದು ಶಾಸ್ತ್ರವೇ ಆಗಿದ್ದರೆ? ಇದು ಕೇವಲ ಊಹೆಯಲ್ಲ. ನಮ್ಮ ನಾಡಿನಲ್ಲಿಯೇ ನಡೆದುದು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಓಲೆಗರಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಶತಮಾನಗಳ ಕಾಲ ಯಾತ್ರಿಕರಿಗೆ ಅವುಗಳ ದರ್ಶನ ದೊರೆಯುತ್ತಿತ್ತು, ಓದು ದೊರೆಯುತ್ತಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಸೇಠ ಮಾಣಿಕಚಂದರೂ ಸೋಲಾಪುರದ ಸೇಠ ಹೀರಾಚಂದ ನೇಮಚಂದರೂ ಹಣ ಕೂಡಿಸಿ, ಬಹಳ ಒಡಂಬಡಿಸಿ, ಪ್ರತಿಮಾಡಿಸುವ ಕೆಲಸವನ್ನು ಆರಂಭಿಸಿದರು. ಆ ಪ್ರತಿಗಳು ಮೂಡಬಿದಿರೆಯಲ್ಲೇ ಇರತಕ್ಕವು, ಹೊರಗೆ ಹೋಗುವಂತಿಲ್ಲ. ಲಿಪಿಕಾರರಲ್ಲೊಬ್ಬರಾದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡರು. ಅದನ್ನು ಅವರು ಹೀರಾಚಂದರ ಬಳಿಗೆ ಒಯ್ದಾಗ, ಆ ಗ್ರಂಥ ಬೆಳಕಿಗೆ ಬರಬೇಕೆಂದು ವರ್ಷಗಟ್ಟಲೆ ಶ್ರಮಿಸಿದ್ದ ಅವರೇ ಹೀಗೆ ಬಂದ ಪ್ರತಿಯನ್ನು ಕೊಳ್ಳುವುದು ಅನುಚಿತವೆಂದು ನಿರಾಕರಿಸಿದರು. ಮಾಣಿಕಚಂದರಿಗೂ ಹಾಗೆಯೇ ತಿಳಿಸಿದರು. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಕೊಂಡು ತಮ್ಮ ಮಂದಿರದಲ್ಲಿಟ್ಟರು. ಅಲ್ಲಿ ಅದನ್ನು ನಾಗರಿಗೆ ಇಳಿಸುತ್ತಿದ್ದ ಸೀತಾರಾಮ ಶಾಸ್ತ್ರಿಗಳು ತಾವೂ ಗುಟ್ಟಾಗಿ ಒಂದು ಪ್ರತಿ ಮಾಡಿಕೊಂಡರು. ಕದ್ದ ಪ್ರತಿಯ ಕದ್ದ ಪ್ರತಿಯಿಂದ ದೇಶದ ಅನೇಕ ಭಂಡಾರಗಳಿಗೆ ಗ್ರಂಥ ಹಬ್ಬಿತು. ಅಂತಹ ಪ್ರತಿಗಳ ಆಧಾರದಿಂದಲೇ ಡಾ. ಹೀರಾಲಾಲ ಜೈನರು 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಅಮರಾವತಿಯಿಂದ ಮುದ್ರಿಸಿ ಹೊರತಂದರು. ಮುಂದಿನ ಸಂಪುಟಗಳ ವೇಳೆಗೆ ಮೂಡಬಿದಿರೆಯವರೂ ಉದಾರರಾಗಿ ಮೂಲ ಓಲೆಗಳೊಡನೆ ಹೋಲಿಸಿ ನೋಡಲು ಒಪ್ಪಿದರು.

ಈ ಪ್ರಸಂಗದಲ್ಲಿ ಯಾರು ಸರಿ? ಇಂದು ನಾವೆಲ್ಲರೂ ಧವಲಾವನ್ನು ಓದುವುದು ಆ ಗುಪ್ತ ಪ್ರತಿಯ ಋಣದಿಂದ. ಅದನ್ನು ಮರೆಯುವುದು ಕೃತಘ್ನತೆ. ಜ್ಞಾನಕ್ಕೆ ಅಂತರಾಯ ಒಡ್ಡುವುದು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವೆಂಬುದು ನಮ್ಮ ಸಿದ್ಧಾಂತವಾಗಿರುವುದರಿಂದ, ಬಾಗಿಲು ಮುಚ್ಚಿದವರೂ ಉತ್ತರಿಸಬೇಕಾದವರೇ. ಆದರೂ ನಮ್ಮ ಮಟ್ಟಿಗೆ ಈ ಕಥೆಯಲ್ಲಿ ಅಣುವ್ರತಿಗಳೆಂದು ಕಾಣಿಸುವವರು ಆ ಪ್ರತಿಯನ್ನು ಕೈಯಲ್ಲಿ ಹಿಡಿದೂ ಹಿಂದಿರುಗಿಸಿದ ಸೇಠರು. ಅವರಿಗಿಂತ ಹೆಚ್ಚಾಗಿ ಅದನ್ನು ಬಯಸಿದವರಿರಲಿಲ್ಲ. ಫಲ ಒಳ್ಳೆಯದಾಯಿತೆಂಬ ಮಾತ್ರಕ್ಕೆ ಕೊಡದುದು ಕೊಟ್ಟದ್ದಾಗುವುದಿಲ್ಲ; ಮುಚ್ಚಿಟ್ಟವರ ದೋಷವೂ ಕದ್ದವರ ದೋಷವೂ ಸಾಲ ಜಮೆಗಳಂತೆ ಪರಸ್ಪರ ವಜಾ ಆಗುವುದಿಲ್ಲ, ಅವರವರದು ಅವರವರ ಖಾತೆಯಲ್ಲೇ ನಿಲ್ಲುತ್ತದೆ. ಇದನ್ನು ಒಪ್ಪದವರು ನಮ್ಮಲ್ಲಿ ಇದ್ದಾರೆ. ಗಜಪತಿ ಉಪಾಧ್ಯಾಯರು ಮಾಡಿದ್ದು ಶ್ರುತರಕ್ಷಣೆಯೆಂದು ಅವರು ವಾದಿಸುತ್ತಾರೆ, ಆ ವಾದ ಹಗುರವಾದುದಲ್ಲ. ಆದರೆ ಅದನ್ನು ಗಣಕಯಂತ್ರಕ್ಕೆ ಎಳೆದು ತರುವವರಿಗೆ ಒಂದು ಪ್ರಶ್ನೆ ಕೇಳಬಹುದು. ಅಂದು ಆ ಗ್ರಂಥಕ್ಕೆ ಬೇರೆ ಬಾಗಿಲೇ ಇರಲಿಲ್ಲ. ಇಂದು ನಮ್ಮ ಮುಂದೆ ತೆರೆದ ಬೀದಿ ಇದೆಯಲ್ಲ?

ಆ ಬೀದಿ ಯಾವುದೆಂದರೆ ಮುಕ್ತ ತಂತ್ರಾಂಶ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನೂ ಲಿಬ್ರೆಆಫೀಸ್ ಎಂಬ ಬರವಣಿಗೆ ಲೆಕ್ಕಗಳ ತಂತ್ರಾಂಶವನ್ನೂ ಅವುಗಳ ಕರ್ತೃಗಳೇ ಎಲ್ಲರಿಗೂ ಬಿಟ್ಟಿದ್ದಾರೆ. ಬಳಸಲು ಮಾತ್ರವಲ್ಲ, ಪ್ರತಿಮಾಡಿ ಹಂಚಲೂ ಅವುಗಳ ಪರವಾನಗಿಯಲ್ಲೇ ಅನುಮತಿಯಿದೆ. ಅತ್ತಿಮಬ್ಬೆಯಂತೆ ಸಾವಿರ ಪ್ರತಿ ಹಂಚುವ ಹಂಬಲವಿರುವವರಿಗೆ ಇದೇ ಸರಿಯಾದ ಕ್ಷೇತ್ರ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವನ್ನು ಕರ್ನಾಟಕ ಸರ್ಕಾರ ಉಚಿತವಾಗಿಯೇ ನೀಡಿತು. ಸನವಳ್ಳಿಯ ಮನೆಯವರು ಭತ್ತದ ಕೊಯ್ಲು ಮುಗಿದು ಕೈಯಲ್ಲಿ ಹಣ ಬರುವವರೆಗೆಂದು ಲಿನಕ್ಸ್ ಹಾಕಿಸಿದರು. ಮಗಳಿಗೆ ಮೊದಲ ತಿಂಗಳು ಕಷ್ಟವೇ ಆಯಿತು. ಹಣ ಕೊಟ್ಟು ಕೊಂಡಿದ್ದ ಆಫೀಸ್ ಅದರಲ್ಲಿ ನಡೆಯುವುದಿಲ್ಲವೆಂಬುದು ಅವರಿಗೆ ನಷ್ಟವೇ. ಅಂಗಡಿಯವನನ್ನು ಕೇಳಿದಾಗ, ಎಲ್ಲರೂ ಹೀಗೆಯೇ ಒಯ್ಯುತ್ತಾರೆ ಎಂದನಂತೆ. ಹಣವಿದ್ದವರು ಪರವಾನಗಿಯನ್ನು ಕೊಳ್ಳಬಹುದು, ಅದರಲ್ಲಿ ದೋಷವೇನೂ ಇಲ್ಲ. ಕೊಳ್ಳುವಾಗ ಒಂದು ಭೇದ ತಿಳಿದಿರಲಿ. ಯಂತ್ರದೊಡನೆಯೇ ಬಂದ ಪರವಾನಗಿ ಆ ಯಂತ್ರಕ್ಕೇ ಕಟ್ಟುಬಿದ್ದಿರುತ್ತದೆ. ಬೇರೆಯಾಗಿ ಕೊಂಡದ್ದನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಬಹುದು. ಕೊಂಡ ಕೂಡಲೇ ಅದನ್ನು ಖಾತೆಗೆ ಜೋಡಿಸಿಟ್ಟರೆ, ಬೋರ್ಡ್ ಸುಟ್ಟ ದಿನ ದೋಷಪರಿಹಾರದ ಪುಟದಲ್ಲಿ ‘ಯಂತ್ರಾಂಗ ಬದಲಿಸಿದ್ದೇನೆ’ ಎಂಬುದನ್ನು ಆರಿಸಿ ಮರಳಿ ಪಡೆಯಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕಂಪನಿಯ ಉಚಿತ ಬೆಂಬಲ ಮುಗಿಯಿತೆಂಬ ಸೂಚನೆಯನ್ನು ಪರವಾನಗಿ ಹೋಯಿತೆಂದು ಭಾವಿಸಿ ಗಾಬರಿಗೊಂಡವರೂ ಇದ್ದಾರೆ. ಅದು ಬೇರೆ, ಇದು ಬೇರೆ.

ಬಸದಿಗಳ ಟ್ರಸ್ಟಿನವರಿಗೆ ಹೇಳಬೇಕಾದ ಒಂದು ಮಾತು ಉಳಿದಿದೆ. ಈಗ ಅನೇಕ ಕಡೆ ಲೆಕ್ಕವನ್ನು ಬೆಂಗಳೂರಿನ ಟ್ಯಾಲಿ ತಂತ್ರಾಂಶದಲ್ಲಿ ಬರೆಯುತ್ತಾರೆ. ಅದರ ಪರವಾನಗಿ ದೃಢಪಡದಿದ್ದರೆ ಅದು ನಿಂತುಹೋಗುವುದಿಲ್ಲ, ಕಲಿಯುವವರಿಗಾಗಿ ಇರುವ ಶೈಕ್ಷಣಿಕ ವಿಧಾನಕ್ಕೆ ಇಳಿಯುತ್ತದೆ. ಆ ವಿಧಾನದಲ್ಲಿ ತಿಂಗಳ 1, 2 ಮತ್ತು 31ನೆಯ ದಿನಾಂಕಗಳಿಗೆ ಮಾತ್ರ ನಮೂದು ಮಾಡಲು ಸಾಧ್ಯ. ಹಾಗಿರುವಾಗ ಹದಿನೇಳನೆಯ ತಾರೀಖಿನಂದು ಅಭಿಷೇಕಕ್ಕೆ ಬಂದ ಕಾಣಿಕೆಯನ್ನು ಒಂದನೆಯ ತಾರೀಖಿಗೆ ಬರೆಯುವ ಗುಮಾಸ್ತನಿಗೆ ತಾನು ಪರವಾನಗಿಯ ಹಣ ಉಳಿಸಿದೆನೆಂಬ ಸಮಾಧಾನವಿರಬಹುದು. ಆದರೆ ಅದು ಕೂಟಲೇಖಕ್ರಿಯೆ, ಹುಸಿ ಬರಹ; ಸತ್ಯವ್ರತದ ಅತಿಚಾರ. ಅಚೌರ್ಯದಲ್ಲಿ ಬಿಟ್ಟ ಸಣ್ಣ ಬಿರುಕು ದೇವರ ಲೆಕ್ಕದ ಪುಸ್ತಕದಲ್ಲಿ ಸುಳ್ಳಾಗಿ ಹೊರಬರುವ ಬಗೆ ಇದು. ಯಂತ್ರ ಬದಲಿಸಿದ ಮೇಲೆ ಈ ತೊಂದರೆ ಬಂದಿದ್ದರೆ ಹೆದರಬೇಕಾಗಿಲ್ಲ. ಟ್ಯಾಲಿಯ ಪರವಾನಗಿಯನ್ನು ಹಳೆಯ ಯಂತ್ರದಿಂದ ಮೊದಲು ಸರೆಂಡರ್ ಮಾಡಿ, ಬಳಿಕ ಹೊಸದರಲ್ಲಿ ಊರ್ಜಿತಗೊಳಿಸಬೇಕು. ಹಳೆಯ ಯಂತ್ರವನ್ನು ಪಾಠಶಾಲೆಗೋ ವಿದ್ಯಾರ್ಥಿಗೋ ದಾನವಾಗಿ ಕೊಡುವ ಮೊದಲೇ ಇದು ಆಗಬೇಕು. ಯಂತ್ರ ಕೈಬಿಟ್ಟ ಮೇಲೆ ಗುಮಾಸ್ತ ಅದರ ಹಿಂದೆ ಓಡಬೇಕಾಗುತ್ತದೆ. ಯಂತ್ರದೊಡನೆ ಬಂದ ವಿಂಡೋಸ್ ಪರವಾನಗಿಯಾದರೋ ಯಂತ್ರದೊಡನೆಯೇ ಹೋಗುತ್ತದೆ. ಅದರ ರಸೀದಿಯನ್ನೂ ಪಡೆಯುವವರ ಕೈಗೆ ಕೊಡಬೇಕು. ಟ್ರಸ್ಟಿನಲ್ಲೇ ಉಳಿಯುವ ತಂತ್ರಾಂಶಗಳ ರಸೀದಿ, ಕೀಲಿಸಂಖ್ಯೆ, ಯಾವ ಖಾತೆಗೆ ಜೋಡಿಸಿದೆ ಎಂಬ ವಿವರಗಳನ್ನು ಬಸದಿಯ ಪಾತ್ರೆ ಪಡಗಗಳನ್ನು ಬರೆದಿಡುವ ವಹಿಯಲ್ಲಿಯೇ ಒಂದು ಪುಟ ಬಿಟ್ಟು ಬರೆದುಕೊಳ್ಳಬಹುದು; ಅಧ್ಯಕ್ಷರು ಬದಲಾದಾಗ ಆ ವಹಿಯನ್ನು ಹೇಗೂ ಎಣಿಸಿ ಒಪ್ಪಿಸಿಕೊಡುತ್ತಾರೆ.